ಕಾಕಾ ಒಪ್ಪಿದ ಮಾಸ್ತರ

ನಮ್ಮ ಕಾಕಾನಿಗೆ ಬರುವುದು ಒಂದೇ ವಿದ್ಯೆ, ಮದುವೆ ಕೂಡಿಸುವುದು. ಗದಗಿನಿಂದ ಹಿಡಿದು ಮುಂಡರಗಿಯ ತನಕ ಯಾವ ಮನೆಯಲ್ಲಿ ಕನ್ಯೆ ಇದ್ದಾಳೆ, ಯಾವ ಮನೆಯಲ್ಲಿ ವರ ಇದ್ದಾನೆ, ಯಾವ ಬೀಗರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ತಾನು ನಡುವೆ ನಿಂತ ಮಾತು ಈವರೆಗೆ ಮುರಿದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಊರಿನವರೂ ಹೌದೆನ್ನುತ್ತಿದ್ದರು. ಇಂಥವನ ಕೈಗೆ ನಮ್ಮಪ್ಪ ನನ್ನ ಪ್ರಬಂಧ ಪರೀಕ್ಷೆಗೆ ಮಾಸ್ತರರನ್ನು ಹುಡುಕುವ ಕೆಲಸ ಕೊಟ್ಟ. ಅಪ್ಪನಿಗೆ ಅವತ್ತು ಏನಾಗಿತ್ತು ಎಂದು ನಾನು ಇವತ್ತಿಗೂ ಕೇಳುತ್ತೇನೆ.

ನಾನು ಎಂ.ಬಿ.ಎ. ಪ್ರವೇಶಕ್ಕೆ ಓದುತ್ತಿದ್ದ ವರ್ಷ ಅದು. ಕಂಪ್ಯೂಟರಿನಲ್ಲಿ ಸರಿ ಉತ್ತರ ಒತ್ತುವ ಮೊದಲ ಪರೀಕ್ಷೆ ಪಾಸಾಗಿತ್ತು. ಮಾರ್ಕೆಟ್‌ನಲ್ಲಿ ದಲಾಲಿ ಅಂಗಡಿ ಇಟ್ಟವನ ಮಗಳು ನಾನು, ಲೆಕ್ಕಕ್ಕೆ ಹೆದರುವವಳಲ್ಲ. ಉಳಿದದ್ದು ಪ್ರಬಂಧ. ಅವರು ಒಂದು ವಿಷಯ ಕೊಡುತ್ತಾರೆ, ಅರ್ಧ ತಾಸಿನೊಳಗೆ ಇಂಗ್ಲಿಷಿನಲ್ಲಿ ವಾದ ಮಾಡಿ ಬರೆಯಬೇಕು. ಮಾತಾಡು ಎಂದರೆ ನಮ್ಮ ಇಡೀ ಬೆಟಗೇರಿಗೆ ಕೇಳುವ ಹಾಗೆ ಮಾತಾಡುವ ನಾನು, ಬರೆ ಎಂದರೆ ಪೆನ್ನಿನ ತುದಿ ಕಚ್ಚುತ್ತ ಕೂರುತ್ತಿದ್ದೆ. ಮೊದಲ ವಾಕ್ಯ ಬರೆದು, ಹೊಡೆದು, ಮತ್ತೆ ಬರೆದು, ಮತ್ತೆ ಹೊಡೆಯುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು.

ಅಪ್ಪನ ಮಾತು ಖಡಾಖಂಡಿತವಾಗಿತ್ತು. "ಈ ವರ್ಷ ಸೀಟು ಸಿಕ್ರ ಹೋಗು, ನಾ ಬ್ಯಾಡ ಅನ್ನೂದಿಲ್ಲ. ಸಿಗಲಿಲ್ಲಂದ್ರ ಮುಂದಿನ ವರ್ಷ ಅಂತ ರಾಗಾ ಎಳಿಬ್ಯಾಡ. ಚಲೋ ವರ ನೋಡೂದು, ಅಕ್ಕಿಕಾಳು ಹಾಕೂದು, ಮುಗೀತು."

ಫೋನಿನಲ್ಲೇ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ ಎಂದೆ. "ಫೋನಿನಾಗಿನ ಮಾಸ್ತರ ಎಂಥಾ ಮಾಸ್ತರ? ಎದುರಿಗೆ ಕುಂತು ಬೈಲಿಲ್ಲಂದ್ರ ವಿದ್ಯಾ ಹೆಂಗ ಹತ್ತತೈತಿ?" ಎಂದ ಅಪ್ಪ. ಹುಬ್ಬಳ್ಳಿಗೆ ಹೋಗುತ್ತೇನೆ ಎಂದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಬೇಡವೇ ಬೇಡ ಎಂದಳು ಅವ್ವ. ಆಗ ಕಾಕಾ ಎದೆ ತಟ್ಟಿಕೊಂಡು ಎದ್ದ. "ನಾ ಅದೀನಲ್ಲ! ಒಬ್ಬ ಮಾಸ್ತರನ್ನ ಹುಡಕೂದೇನು ದೊಡ್ಡ ಮಾತು?"

ಮರುದಿನವೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಟಾವೆಲ್ ಹಾಕಿ, ಬೈಕ್ ಏರಿ ಶಿರಹಟ್ಟಿಗೆ ಹೋದ. ಅಲ್ಲಿ ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರರಿದ್ದರು. ಸಂಜೆ ಮುಖ ಗಂಟು ಹಾಕಿಕೊಂಡು ತಿರುಗಿ ಬಂದ.

"ಏನಾತು ಕಾಕಾ?"

"ಬ್ಯಾಡ. ಮನಿತನ ಸರಿ ಇಲ್ಲ."

"ಇಂಗ್ಲಿಷ್ ಹೆಂಗೈತಿ?"

"ಇಂಗ್ಲಿಷ್ ಏನು, ಫಸ್ಟ್ ಕ್ಲಾಸ್ ಐತಿ. ಆದ್ರ ಅಣ್ತಮ್ಮರು ಬ್ಯಾರೆ ಆಗ್ಯಾರ. ಒಂದ ಪಡಸಾಲಿ, ನಡುವ ಗ್ವಾಡಿ ಕಟ್ಟ್ಯಾರ. ಅಂಥಾ ಮನಿ ನಮಗ ಬ್ಯಾಡವಾ."

"ನಾ ಏನ್ ಆ ಮನ್ಯಾಗ ಬಾಳೇವು ಮಾಡಾಕ ಹೊಂಟೀನೇನು?"

"ವಿದ್ಯಾ ಅನ್ನೂದು ಮನಿತನದಿಂದ ಬರತೈತಿ, ನಿನಗ ತಿಳಿಯಂಗಿಲ್ಲ ಸುಮ್ನಿರು," ಎಂದು ಚಹಾ ಕೇಳಿದ.

ಮುಂದಿನದು ಮುಂಡರಗಿ. ಬ್ಯಾಂಕಿನ ನೌಕರಿ ಮುಗಿಸಿ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬರ ಖಬರು ಸಿಕ್ಕಿತ್ತು. ಕಾಕಾ ಅವರ ಮನೆಗೇ ನೇರವಾಗಿ ಹೋದನೇ? ಇಲ್ಲ. ಮೊದಲು ದಾರಿಯಲ್ಲಿ ಹರ್ತಿಯಲ್ಲಿಳಿದು ನೆಂಟರನ್ನು ಕೇಳಿದ. ಆಮೇಲೆ ಅವರ ಮೂಲ ಊರು ಕೊರ್ಲಹಳ್ಳಿ ಎಂದು ತಿಳಿದು ಅಲ್ಲಿಗೆ ಹೋಗಿ ಚಹಾದ ಅಂಗಡಿಯಲ್ಲಿ ಕುಳಿತು ಮನೆತನ ವಿಚಾರಿಸಿದ. ಕೊನೆಗೆ ಮುಂಡರಗಿಗೆ ಹೋಗಿ ಅವರ ಓಣಿಯ ಬೋರಿನ ನೀರು ಕುಡಿದು ನೋಡಿ, ಅವರನ್ನು ಭೇಟಿಯೂ ಆಗದೆ ಬಂದುಬಿಟ್ಟ.

"ಮನಷ್ಯಾ ಭಾಳ ಸಿಟ್ಟಿನಾಂವ ಅಂತ. ಸೊಸಿ ಮುನಿಸಿಕೊಂಡು ತವರಿಗೆ ಹೋಗಿ ಕುಂತಾಳ. ಮ್ಯಾಲ ಓಣ್ಯಾಗಿನ ನೀರು ಸವಳು."

"ಸವಳು ನೀರು ಕುಡದ್ರ ನನ್ನ ಪ್ರಬಂಧ ಕೆಡತೈತೇನು ಕಾಕಾ?"

"ಕೂದಲಾ ಉದರತಾವು," ಎಂದ, ನನ್ನ ಜಡೆಯ ಕಡೆ ನೋಡಿ.

ನನಗೆ ಸಿಟ್ಟಿಗೆ ಅಳುವೇ ಬಂತು. ಪರೀಕ್ಷೆ ಹತ್ತಿರ ಬರುತ್ತಿತ್ತು. ಅಪ್ಪ ಊಟಕ್ಕೆ ಕುಳಿತಾಗಲೆಲ್ಲ ಯಾವುದೋ ವರನ ಮಾತು ತೆಗೆಯುತ್ತಿದ್ದ. ನಾನು ತಾಟು ಸರಿಸಿ ಎದ್ದು ಹೋಗುತ್ತಿದ್ದೆ. "ನಿನ್ನ ಮಾಸ್ತರೂ ಬ್ಯಾಡ, ನಿನ್ನ ಮನಿತನಾನೂ ಬ್ಯಾಡ!" ಎಂದು ಕಾಕಾನ ಮೇಲೆ ಹರಿಹಾಯ್ದೆ. ಅವನು ನೊಂದುಕೊಂಡ. ನೊಂದುಕೊಂಡು ಇನ್ನಷ್ಟು ಜೋರಿನಿಂದ ಹುಡುಕತೊಡಗಿದ.

ಬೆಳ್ಳಟ್ಟಿಯ ಯಾವುದೋ ಮದುವೆಯಲ್ಲಿ ಅವನಿಗೆ ಲಕ್ಷ್ಮೇಶ್ವರದ ಲೆಕ್ಚರರ್ ಒಬ್ಬರ ಸುದ್ದಿ ಸಿಕ್ಕಿತು. ಸ್ವತಃ ಎಂ.ಬಿ.ಎ. ಮಾಡಿದವರು, ಕಾಲೇಜಿನಲ್ಲಿ ಕಲಿಸುತ್ತಾರೆ, ಇಂಥ ಪರೀಕ್ಷೆಗಳಿಗೆ ತಯಾರಿ ಮಾಡಿಸುತ್ತಾರೆ. ಈ ಸಲ ಕಾಕಾ ತನ್ನ ಹೆಂಡತಿ, ನಮ್ಮ ಚಿಗವ್ವನನ್ನೂ ಕರೆದುಕೊಂಡು ಹೋದ. ಬರುವಾಗ ಇಬ್ಬರ ಮುಖವೂ ಅರಳಿತ್ತು. "ಭಾರಿ ಮನಿತನ! ಕೂಡಿದ ಮನಿ, ನೀರಾವರಿ ಹೊಲ, ದನಕರಾ ಅದಾವು. ಹುಡುಗ ಅಂತೂ ಬಂಗಾರ!" ಎಂದಳು ಚಿಗವ್ವ. ಮಾಸ್ತರರನ್ನು ಹುಡುಗ ಎಂದದ್ದು ನನ್ನ ಕಿವಿಗೆ ಬಿತ್ತು. ಆದರೆ ಕೊನೆಗೂ ಒಬ್ಬರು ಸಿಕ್ಕರಲ್ಲ ಎಂಬ ಖುಷಿಯಲ್ಲಿ ಬಿಟ್ಟುಬಿಟ್ಟೆ.

ಅಲ್ಲಿ ಏನು ನಡೆದಿತ್ತು ಎಂಬುದು ತಿಳಿದದ್ದು ಆಮೇಲೆ. ಗಂಡ ಹೆಂಡತಿ ಇಬ್ಬರೂ ಸೇರಿ ಆ ಮನೆಯವರನ್ನು ಹೊಲವೆಷ್ಟು, ಅಕ್ಕತಂಗಿಯರನ್ನು ಎಲ್ಲಿಗೆ ಕೊಟ್ಟೀರಿ, ಬೀಗರು ಯಾರು, ಮನೆದೇವರು ಯಾವುದು ಎಂದು ಮಧ್ಯಾಹ್ನವೆಲ್ಲ ಕೇಳಿದ್ದಾರೆ. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ನಮ್ಮ ಹುಡುಗಿ ಒಂದು ಪರೀಕ್ಷಾ ಬರಿಯಾಕ ಹತ್ಯಾಳ, ಹೇಳಿಕೊಡಾಕ ಒಬ್ರು ಬೇಕಾಗಿತ್ರಿ," ಎಂದಿದ್ದಾನೆ ಕಾಕಾ. ನಮ್ಮ ಕಡೆ ಮದುವೆಯ ಮಾತನ್ನು ಯಾರೂ ನೇರವಾಗಿ ಎತ್ತುವುದಿಲ್ಲ. ಹೋರಿ ನೋಡಲು ಬಂದಿದ್ದೆವು, ಬೀಜ ಕೇಳಲು ಬಂದಿದ್ದೆವು ಎಂದು ಏನಾದರೊಂದು ನೆಪ ಹೇಳುವುದೇ ರಿವಾಜು. ಪರೀಕ್ಷೆ ಎಂಬ ನೆಪ ಅವರಿಗೆ ಹೊಸದಾಗಿ ಕಂಡಿತು, ಅಷ್ಟೇ. ಓದಿದ ಮಂದಿ, ನೆಪವನ್ನೂ ಚಲೋ ಹುಡುಕಿದ್ದಾರೆ ಎಂದುಕೊಂಡರಂತೆ.

ಭಾನುವಾರ ಮುಂಜಾನೆ ಮಾಸ್ತರರು ಬರುತ್ತಾರೆಂದು ಕಾಕಾ ಹೇಳಿದ್ದ. ನಾನು ಹಳೆಯ ಚೂಡಿದಾರಿನಲ್ಲಿ, ಜಡೆ ಮೇಲೆ ಕಟ್ಟಿಕೊಂಡು, ಫೈಲು ಹಿಡಿದು ಕುಳಿತಿದ್ದೆ. ಬಾಗಿಲ ಮುಂದೆ ಒಂದು ದೊಡ್ಡ ಗಾಡಿ ನಿಂತಿತು. ಮೊದಲು ಮಾಸ್ತರರ ತಾಯಿ ರೇಷ್ಮೆ ಸೀರೆ ಉಟ್ಟು ಇಳಿದರು. ಅವರ ಹಿಂದೆ ಮಾಸ್ತರರ ಸೋದರತ್ತೆ, ಅವರ ಹಿಂದೆ ಇಬ್ಬರು ಹಿರಿಯರು. ಕೊನೆಗೆ ಹೊಸ ಅಂಗಿಯಲ್ಲಿ ಬೆವರುತ್ತ ಮಾಸ್ತರ. ತಾಯಿಯ ಕೈಯಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ. ಅವ್ವ ಅದನ್ನು ನೋಡಿದ್ದೇ ತಡ, ಒಳಗೆ ಓಡಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದಳು. ಕಾಕಾ ಕಂಬ ಹಿಡಿದು ನಿಂತುಬಿಟ್ಟ.

ನನಗೆ ಮಾತ್ರ ತಲೆಗೆ ಹೊಳೆಯಲಿಲ್ಲ. ಶಿಷ್ಯಳನ್ನು ಆರಿಸಲು ಮನೆಮಂದಿಯನ್ನೆಲ್ಲ ಕರೆತಂದಿದ್ದಾರಲ್ಲ, ಎಷ್ಟು ಕಟ್ಟುನಿಟ್ಟಿನ ಮನುಷ್ಯರಿರಬೇಕು ಎಂದುಕೊಂಡೆ. ಅವರ ಅತ್ತೆ ಕನ್ನಡಕ ಸರಿಮಾಡಿಕೊಂಡು, "ಒಂದೀಟು ಅಲ್ಲೀತನಾ ನಡದು ತೋರಸವಾ," ಎಂದರು.

"ಪ್ರಬಂಧ ಬರಿಯಾಕ ನಡಿಗಿ ಯಾಕ್ರಿ?" ಎಂದು ಕೇಳಿದೆ.

ಪಡಸಾಲೆಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಆ ತೆಂಗಿನಕಾಯಿ ನನ್ನ ಕಣ್ಣಿಗೆ ಸರಿಯಾಗಿ ಬಿತ್ತು. ಅಯ್ಯಯ್ಯೋ ಎಂದು ಫೈಲಿನಿಂದ ಮುಖ ಮುಚ್ಚಿಕೊಂಡೆ. ಹುಡುಗಿಗೆ ನಾಚಿಕೆ ಎಂದು ಹಿರಿಯರೊಬ್ಬರು ಮೆಚ್ಚಿ ತಲೆದೂಗಿದರು. ಹುಡುಗ ಹುಡುಗಿ ಮಾತಾಡಲಿ ಎಂದು ನಮ್ಮಿಬ್ಬರನ್ನೂ ಮಾಳಿಗೆಗೆ ಅಟ್ಟಿದರು.

ಮಾಳಿಗೆಯ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿತ್ತು. ಇಬ್ಬರೂ ಕೆಮ್ಮಿದೆವು, ಸೀನಿದೆವು, ಕಣ್ಣೊರೆಸಿಕೊಂಡೆವು. ಕಡೆಗೆ ಅವರೇ ಕೇಳಿದರು. "ನೀವು ಪರೀಕ್ಷಾ ಬರಿಯೂದು ಖರೇನ ಐತೇನ್ರಿ?"

"ಖರೇನ ಐತ್ರಿ!"

"ನಾ ಮನ್ಯಾಗ ಬಡಕೊಂಡೆ, ಪರೀಕ್ಷಾನ ಇರಬೇಕು ಅಂತ. ಒಬ್ರೂ ನಂಬಲಿಲ್ಲ ನೋಡ್ರಿ," ಎಂದು ಮತ್ತೊಂದು ಸೀನು ಸೀನಿದರು. ಪುಣ್ಯಾತ್ಮ. ಕೆಳಗೆ ಹೋಗಿ ನಿಜ ಹೇಳೋಣ ಎಂದುಕೊಂಡು ಮೆಟ್ಟಿಲಿಳಿದೆವು.

ಅಷ್ಟರಲ್ಲಿ ಕೆಳಗೆ ಎಲ್ಲ ಮುಗಿದೇ ಹೋಗಿತ್ತು. ಅಪ್ಪ ಅವರ ಹಿರಿಯರ ಜೊತೆ ತೊಡೆ ತಟ್ಟಿ ನಗುತ್ತಿದ್ದ. ನಾನು ಪರೀಕ್ಷೆಯ ಮಾತು ತೆಗೆದದ್ದೇ ತಡ, "ಏ, ಅದಕ್ಕೇನಂತ? ಮದಿವಿ ಆದಮ್ಯಾಲ ಕಲಸ್ಲಿ. ಮನ್ಯಾಗ ಮಾಸ್ತರ ಇದ್ದಂಗ ಆತಲ್ಲ!" ಎಂದ. ಎಲ್ಲರೂ ಹೋ ಎಂದು ನಕ್ಕರು. ಮದುವೆಯಿಂದ ತಪ್ಪಿಸಿಕೊಳ್ಳಲು ಮಾಸ್ತರರನ್ನು ಹುಡುಕಿದರೆ, ಆ ಮಾಸ್ತರನೇ ವರನಾಗಿ ಮನೆಗೆ ಬಂದಿದ್ದ! ಪಾಪ, ಅವರೂ ಕರವಸ್ತ್ರ ಹಿಂಡುತ್ತ ನಿಂತಿದ್ದರು.

ಇಂಥ ಹೊತ್ತಿನಲ್ಲಿ ಕೊನೆಯ ಮಾತು ನಡುವೆ ನಿಂತವನದು. ಅವನು ಆತು ಎಂದರೆ ಆತು, ಸಕ್ಕರೆ ಹಂಚುವುದೇ. ಎಲ್ಲರೂ ಕಾಕಾನ ಕಡೆ ತಿರುಗಿದರು. ಕಾಕಾ ನನ್ನನ್ನು ನೋಡಿದ. ನಾನು ಫೈಲನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಅವನು ಹೆಗಲ ಮೇಲಿನ ಟಾವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಣ್ಣಾ, ತಪ್ಪು ನಂದು. ನಾ ಇವರ ಮನಿಗೆ ಹೋಗಿದ್ದು ಮಾಸ್ತರನ್ನ ಕೇಳಾಕ. ವರನ್ನ ಕೇಳಾಕ ಅಲ್ಲ. ಬಾಯಿಚಟ, ಮನಿತನಾ ಕೇಳಿಬಿಟ್ಟೆ. ಈ ಮಾತು ಇಲ್ಲಿಗೆ ಮುರೀತು. ಯಾರರ ಕೇಳಿದ್ರ ನಾನ ಮುರದೆ ಅಂತ ಹೇಳ್ರಿ."

"ಹುಚ್ಚ ಹಿಡದೈತೇನಲೇ ನಿನಗ?" ಎಂದು ಅಪ್ಪ ಎದ್ದು ನಿಂತ.

"ಹಿಡೀಲಿ. ಹುಡುಗಿ ಕೇಳಿದ್ದು ಮಾಸ್ತರನ್ನ. ಮೊದಲ ಆಕಿ ಕೇಳಿದ್ದು ಕೊಡೂಣು."

ಮಾಸ್ತರರ ತಾಯಿ ತೆಂಗಿನಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಅಲ್ರೀ, ಇದನ್ನ ಅವತ್ತ ಹೇಳಬೇಕಿಲ್ಲೇನ್ರಿ?"

"ಹೇಳಿದ್ನೆಲ್ರಿ ಅಕ್ಕಾರ, ಹೊಸ್ತಲದಾಗ ನಿಂತು!"

"ಹೋಗ್ರಿ ಅತ್ಲಾಗ. ಹೊಸ್ತಲದಾಗ ನಿಂತು ಖರೆ ಯಾರು ಹೇಳ್ತಾರ್ರಿ?" ಎಂದವರು ಮೊದಲು ತಾವೇ ನಕ್ಕರು. ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ಉಪ್ಪಿಟ್ಟು ತಿಂದೇವಿ, ಸುಮ್ನ ಹೆಂಗ ಹೋಗೂದು? ಕುಂಡ್ರು, ಕಲಸು ಆಕಿಗೆ," ಎಂದರು.

ಹೀಗೆ ನನ್ನ ಮೊದಲ ಪಾಠ ಎರಡೂ ಮನೆಯವರ ಎದುರಿಗೆ ನಡೆಯಿತು. ಫೋನಿನಲ್ಲಿ ಸಾಮಾನು ತರಿಸಿದರೆ ಊರ ಅಂಗಡಿಗಳು ಉಳಿಯುತ್ತವೆಯೇ ಎಂಬುದು ವಿಷಯ. ಮುಖ ಊದಿಸಿಕೊಂಡು ಕುಳಿತಿದ್ದ ಅಪ್ಪನೇ ಮೊದಲು ಬಾಯಿ ಹಾಕಿದ. "ಮಾಲು ಕೈಯಾಗ ಹಿಡದು ನೋಡಲಾರದ ಯಾಂವ ತಗೋತಾನ?"

"ಇದು ಒಂದು ವಾದ. ಬರಕೋರಿ," ಎಂದರು ಮಾಸ್ತರ.

"ಬಸ್ಸಿನ್ಯಾಗ ಒದ್ದಾಡೂದು ತಪ್ಪತೈತಲ್ಲ," ಎಂದರು ಅವರ ಅತ್ತೆ. ಅದು ಎದುರುವಾದ. ಫೋನಿನಲ್ಲಿ ಕಂಡ ಸೀರೆಯ ಬಣ್ಣ ಕೈಗೆ ಬಂದಾಗ ಬೇರೆ ಇರುತ್ತದೆ ಎಂದು ಚಿಗವ್ವ ಮಾತು ತೆಗೆದಳು, ಹಿರಿಯರಿಬ್ಬರು ಅಂಗಡಿಯ ಬಿಲ್ಲಿನ ಮೇಲೆ ಜಗಳಕ್ಕೆ ನಿಂತರು, ನಾನು ಅವರೆಲ್ಲರಿಗೂ ತಿರುಗಿ ಉತ್ತರ ಕೊಟ್ಟೆ. "ಈಗ ಅಂದ್ರೆಲ್ರಿ, ಅದನ್ನ ಇಂಗ್ಲಿಷಿನಾಗ ಬರೀರಿ. ಹೊಡಿಬ್ಯಾಡ್ರಿ," ಎಂದರು ಮಾಸ್ತರ. ಅವತ್ತು ಮೊದಲ ಸಲ ನಾನು ಪ್ರಬಂಧದ ಕೊನೆ ಮುಟ್ಟಿದೆ. ಅದರಲ್ಲಿ ತಪ್ಪುಗಳು ಬೇಕಾದಷ್ಟಿದ್ದವು.

ಪರೀಕ್ಷೆಯ ತನಕ ಅವರು ಪ್ರತಿ ಭಾನುವಾರ ಬಂದರು. ಜೊತೆಗೆ ತಾಯಿಯೂ ಬರುತ್ತಿದ್ದರು, ಬೆಟಗೇರಿಯ ಮಗ್ಗದ ಸೀರೆ ನೋಡುವ ನೆಪದಲ್ಲಿ. ಅಪ್ಪ ಮಾತ್ರ ಬಹಳ ದಿನ ಕಾಕಾನ ಜೊತೆ ಮಾತಾಡಲಿಲ್ಲ. ಕಾಕಾ ಕೈ ಹಾಕಿದ ಮಾತು ಮುರಿಯಿತಂತೆ, ಅವನೇ ಮುರಿದನಂತೆ ಎಂದು ಸುದ್ದಿ ಹಬ್ಬಿತು. ಹರ್ತಿಯ ಒಂದು ಮನೆಯವರು ತಮ್ಮ ಮಗನಿಗೆ ಕನ್ಯೆ ಹುಡುಕಲು ಬೇರೆಯವರನ್ನು ಹಿಡಿದರು.

ಸೀಟು ಸಿಕ್ಕ ದಿನ ನಾನು ಮೊದಲು ಫೋನು ಮಾಡಿದ್ದು ಅವನಿಗೇ. ಅವನು ಯಾರದೋ ಮನೆಯಲ್ಲಿ ಮಾತುಕತೆಗೆ ಕುಳಿತಿದ್ದ. "ಕಾಕಾ, ಆತು!" ಎಂದು ಕಿರುಚಿದೆ.

"ನಮ್ಮ ದೊಡ್ಡಾಕಿನೂ ನಿನ್ನಂಗನ ಅಂದಿದ್ಲು," ಎಂದ ನಿಧಾನವಾಗಿ. ದೊಡ್ಡಾಕಿ ಎಂದರೆ ಅವನ ಹಿರಿಯ ಮಗಳು, ನನ್ನ ಅಕ್ಕ. ಶಾಲೆಯಲ್ಲಿ ನನಗಿಂತ ಎಷ್ಟೋ ಜಾಣೆ. ಪಿ.ಯು. ಮುಗಿದ ಬೇಸಿಗೆಯಲ್ಲೇ ಅವಳ ಮದುವೆ ಕೂಡಿಸಿದವನು ಕಾಕಾನೇ. "ಅಪ್ಪಾ, ನಾ ಇನ್ನಾ ಓದ್ತೀನಿ ಅಂದ್ಲು. ಮಂದಿ ಕುಂತಿದ್ರು. ಆವಾಗ ನನಗ ಮಾತು ಮುರಿಯಾಕ ಬರಲಿಲ್ಲ ನೋಡವಾ."

ಕಾಕಾ ಕೆಮ್ಮಿದ. "ಇಡು ಇಡು ಫೋನು. ಇಲ್ಲಿ ಮಂದಿ ಕುಂತಾರ," ಎಂದ. ಆದರೆ ಕಟ್ ಮಾಡಲು ಮರೆತ. ಏನೋ ತಾಟು ಸರಿಸಿದ ಸದ್ದು, ಯಾರೋ ವರನ ಹೊಲದ ಮಾತು ಎತ್ತಿದರು. ಆಮೇಲೆ ಕಾಕಾನ ದನಿ ಕೇಳಿತು.

"ಹೊಲದ ಮಾತು ಇರಲ್ರಿ. ಮೊದಲ ಹುಡುಗಿನ್ನ ಕರೀರಿ. ಆಕಿ ಏನಂತಾಳ ಕೇಳೂಣು."