ಹ್ರಸ್ವ, ದೀರ್ಘ ಮತ್ತು ಭಾಲ್ಕಿಯ ಕಾಕಾ

ಔರಾದ ರಸ್ತೆಯಲ್ಲಿ ಬೈಕು ಜಾರಿ ಮಗಳ ಕಾಲು ಮುರಿದಾಗ ಅವಳಿಗೆ ಆರು ವರ್ಷ. ಪ್ಲಾಸ್ಟರು ಬಿಚ್ಚುವವರೆಗೆ ಶಾಲೆ ಬೇಡವೆಂದರು ಡಾಕ್ಟರು. ಬೀದರಿನ ನಮ್ಮ ಮನೆಯಲ್ಲಿ, ಅಡುಗೆಮನೆಯ ಬಾಗಿಲ ಹತ್ತಿರ ಅವಳ ಮಂಚ ಎಳೆದುಕೊಂಡು, ರೊಟ್ಟಿ ಬಡಿಯುತ್ತಲೇ ನಾನು ಅಕ್ಷರ ಕಲಿಸತೊಡಗಿದೆ.

ಅಷ್ಟರಲ್ಲಿ ಭಾಲ್ಕಿಯಿಂದ ಕಾಕಾ ವಕ್ಕರಿಸಿದರು. ನನ್ನ ಗಂಡನ ಚಿಕ್ಕಪ್ಪ. ಅಲ್ಲಿ ಟ್ಯೂಷನ್ ನಡೆಸುತ್ತಾರೆ. ಗರಿಗರಿ ಇಸ್ತ್ರಿಯ ಬಿಳಿ ಅಂಗಿ, ಕಿಸೆಯಲ್ಲಿ ಬಣ್ಣಬಣ್ಣದ ಪೆನ್ನು. ಪ್ರತಿ ಭಾನುವಾರ ಕುರ್ಚಿ ಹಾಕಿಸಿಕೊಂಡು ಕೂತು, ಸ್ಕೇಲಿನಿಂದ ಮಂಚಕ್ಕೆ ಬಡಿಯುತ್ತ "ಅ ಆ ಇ ಈ" ಎಂದು ಕೂಗಿಸುತ್ತಿದ್ದರು. ಹ್ರಸ್ವಕ್ಕೂ ದೀರ್ಘಕ್ಕೂ ಒಂದೇ ಬಡಿತ. ಮೊದಲ ವಾರ ಹುಡುಗಿ ಗಿಣಿಯಂತೆ ಒಪ್ಪಿಸಿದಳು. ಅದನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿ, ನನ್ನ ಚೂಡಾ ತಿಂದು, ಎರಡು ಸಲ ಚಹಾ ಕುಡಿದು ಹೋದರು.

ಮುಂದಿನ ವಾರ "ಮರಿ" ಎಂದು ಬರೆದು ತೋರಿಸಿದರು. ಅವಳು "ಮಾರಿ" ಎಂದಳು.

"ಈಕಿಗಿ ತಲಿ ಇಲ್ಲ ತಂಗಿ," ಎಂದರು ನನಗೆ, ಮಗುವಿನ ಎದುರೇ. "ಕಾಲಿನ ಸಂಗಡ ತಲಿನೂ ತೋರ್ಸು ಡಾಕ್ಟರಿಗಿ."

ಮಗಳು ಗೋಡೆಯ ಕಡೆ ಮುಖ ಮಾಡಿದಳು. ಇಷ್ಟು ವರ್ಷ ಪಾಠ ಹೇಳಿಯೂ ಅ, ಆಗಳ ನಡುವೆ ಏನಿದೆ ಎಂದು ತಿಳಿಸಲು ಬಾರದವರು ತಲೆಯ ಮಾತಾಡುತ್ತಿದ್ದರು. ಅವರು ಹೋದ ಮೇಲೆ ನನ್ನ ಕೂದಲಿನ ರಬ್ಬರನ್ನು ಅವಳ ಬೆರಳುಗಳಿಗೆ ಸಿಕ್ಕಿಸಿದೆ.

"ಸುಮ್ನ ಬಿಟ್ರ ಮರಿ. ಜಗ್ಗಿದ್ರ ಮಾ...ರಿ. ಹಲಬರ್ಗಾದಾಗ ಅಜ್ಜನ ಕುರಿ ಹಾಕಿದ್ದೇನು?"

"ಮರಿ."

"ನೀ ಬೆಳಿಗ್ಗಿ ತೊಳಕೊಳ್ಳಾಕ ಅಳ್ತಿಯಲ್ಲ, ಅದೇನು?"

ಮುಖ ಮುಂದೆ ಮಾಡಿ "ಮಾ...ರಿ" ಎನ್ನುತ್ತ ಅವಳು ರಬ್ಬರು ಜಗ್ಗಿದಳು. ಅದು ಹಾರಿ ಹಿಟ್ಟಿನ ಪರಾತಕ್ಕೆ ಬಿತ್ತು. ಅವಳು ನಕ್ಕಳು, ಕಾಲು ಮುರಿದ ಮೇಲೆ ಮೊದಲ ಸಲ ಹಾಗೆ ನಕ್ಕಿದ್ದು. ಕೊಡು, ಕೋಡು; ಬಳಿ, ಬಾಳಿ; ಜೋಡಿ ಜೋಡಿಯಾಗಿ ಕಲಿತಳು. ಭಾನುವಾರಗಳಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಕಾಕಾ ತಮ್ಮ ತೀರ್ಪಿಗೆ ತಾವೇ ತಲೆದೂಗಿಕೊಂಡರು.

ಪ್ಲಾಸ್ಟರು ಬಿಚ್ಚಿದ ಮೇಲೆ ಕಾಕಾನ ಮೊಮ್ಮಗನ ಮೊದಲ ಕೂದಲು ತೆಗೆಸುವ ಜವಳದ ಊಟಕ್ಕೆ ಭಾಲ್ಕಿಗೆ ಹೋದೆವು. ಬಾಗಿಲ ಮೇಲೆ ಟ್ಯೂಷನ್ನಿನ ಫ್ಲೆಕ್ಸು; ಅದರಲ್ಲಿ ಕೈ ಮುಗಿದು ನಿಂತ ಕಾಕಾ. ಮಗಳು ಅಂಗಳದಲ್ಲೇ ನಿಂತು, ಬೆರಳು ಮಾಡಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಇಲ್ಲಿ ಮಕ್ಕಳಿಗೆ... ಒ... ದಿ... ಒದಿಸಲಾಗುತ್ತದೆ." ಆಮೇಲೆ ಫ್ಲೆಕ್ಸಿನ ಕಾಕಾನನ್ನು ತೋರಿಸಿ ನನ್ನ ಸೆರಗು ಜಗ್ಗಿದಳು. "ಅವ್ವಾ, ಮುತ್ಯಾ ಮಕ್ಳಿಗಿ ಒದಿತಾನೇನು?"

ತಾಟು ಹಿಡಿದ ಮಂದಿಯೆಲ್ಲ ತಲೆಯೆತ್ತಿ ನೋಡಿದರು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

"ಪ್ರೆಸ್ಸಿನವ್ರ ತಪ್ಪದು," ಎಂದರು ಕಾಕಾ.

"ಯಾವಾಗ ಹಾಕ್ಸೀರಿ ಕಾಕಾ?" ಎಂದೆ ನಾನು.

"ದೀವಳಿಗಿಗಿ."

ಯುಗಾದಿ ಮುಗಿದಿತ್ತು. ಅಷ್ಟು ತಿಂಗಳು ದಿನವೂ ಅದರ ಕೆಳಗೇ ಓಡಾಡಿದ್ದರು.

ಔರಾದಿನಿಂದ ಅತ್ತೆಯ ಫೋನು ಬಂತು. "ಹಿರ್ಯಾರ ಮರ್ಯಾದಿ ಕಳದ್ರಿ. ಕೂಸಿಗಿ ಸುಮ್ನಿರು ಅನ್ನಾಕ ಆಗ್ಲಿಲ್ಲೇನು?"

"ಓದು ಅಂತ ಕಲ್ಸೀನ್ರಿ ಅತ್ತಿ. ಸುಮ್ನಿರು ಅಂತ ಕಲ್ಸಿಲ್ಲ."

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಕಾಕಾ ಬರುವುದನ್ನು ಬಿಟ್ಟಿದ್ದಾರೆ. ಫ್ಲೆಕ್ಸಿನ ಆ ಒಂದಕ್ಷರಕ್ಕೆ ಬಿಳಿ ಬಣ್ಣ ಬಳಿಸಿದರಂತೆ. ಸರಿಯಾದುದನ್ನು ಬರೆಸುವ ಗೊಡವೆಗೆ ಹೋಗಿಲ್ಲ. ಅಲ್ಲೀಗ "ಇಲ್ಲಿ ಮಕ್ಕಳಿಗೆ ದಿಸಲಾಗುತ್ತದೆ" ಎಂದಿದೆ. ಟ್ಯೂಷನ್ನಿಗೆ ಮಕ್ಕಳೇನೂ ಕಡಿಮೆಯಾಗಿಲ್ಲ.