ದೋಸೆ ಹಿಟ್ಟಿನ ಪಕ್ಕದ ಸೇಬು

ಸೇಬಿನ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ. ಅದಕ್ಕೆ ಕಾರಣ ನನ್ನ ಹೆಂಡತಿಯೇ. ಹೆಮ್ಮಿಗೆಯಲ್ಲಿ ನಾವು ಹೊಸದಾಗಿ ಸಂಸಾರ ಹೂಡಿದಾಗ ಮನೆಯಲ್ಲಿ ಫ್ರಿಜ್ ಇರಲಿಲ್ಲ. ನರಸೀಪುರದ ಕಚೇರಿಯಿಂದ ಸಂಬಳದ ದಿನ ನಾನು ತರುತ್ತಿದ್ದ ಸೇಬುಗಳನ್ನು ಅವಳು ಮಣ್ಣಿನ ಮಡಕೆಯಲ್ಲಿ ಒಣಹುಲ್ಲು ಹಾಸಿ ಜೋಡಿಸಿ, ಬಾಯಿಗೆ ಬಟ್ಟೆ ಕಟ್ಟಿ, ಬಿಸಿಲು ಸುಳಿಯದ ಮೂಲೆಯಲ್ಲಿ ಇಡುತ್ತಿದ್ದಳು. ಬಟ್ಟೆ ಬಿಚ್ಚಿದರೆ ಸಾಕು, ಇಡೀ ಕೋಣೆ ಘಮ್ಮೆನ್ನುತ್ತಿತ್ತು. ಒಮ್ಮೆ ಅವಸರದಲ್ಲಿ ರಸಬಾಳೆ ಗೊನೆ ತೂಗುಹಾಕಿದ್ದ ಕಡೆ ಇಟ್ಟಳು. ಬಾಳೆ ಹಣ್ಣಾಗುತ್ತಿದ್ದಂತೆ ಸೇಬೂ ಮೆತ್ತಗಾಯಿತು. ಕಚ್ಚಿದರೆ ಹಿಟ್ಟು ಹಿಟ್ಟು. ಆಮೇಲೆ ಎರಡನ್ನೂ ಒಂದು ಕೋಣೆಗೆ ಸೇರಿಸಲಿಲ್ಲ. ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು, ಇದು ಇವತ್ತಿಗೆ, ಅದು ನಾಡಿದ್ದಿಗೆ ಎನ್ನುತ್ತಿದ್ದಳು. ಹಾಲು, ಹಿಟ್ಟು, ಕೊಬ್ಬರಿ, ಎಲ್ಲಕ್ಕೂ ಅದೇ ಮೂಗು.

ನಂಜನಗೂಡಿಗೆ ಬಂದ ಮೇಲೆ ಫ್ರಿಜ್ ಬಂತು, ನನ್ನ ಗೊಣಗಾಟವೂ ಶುರುವಾಯಿತು. ಒಂದೇ ಪೆಟ್ಟಿಗೆಯಲ್ಲಿ ದೋಸೆ ಹಿಟ್ಟು, ಹೆಚ್ಚಿಟ್ಟ ಈರುಳ್ಳಿ, ಮಲ್ಲಿಗೆ ದಂಡೆ, ಮಧ್ಯೆ ಸೇಬು. ತಣ್ಣಗೆ ಕೊರೆಯುವ ಹೋಳು ಬಾಯಿಗಿಟ್ಟರೆ ಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಗೊತ್ತಾಗುವುದು ಈರುಳ್ಳಿ. ಇದರಲ್ಲೇ ಒಂದು ದೋಸೆ ಹುಯ್ದು ಕೊಡು ಎಂದು ನಾನು ರೇಗಿಸುವುದು, ನಿಮ್ಮ ಮೂಗು ಕೊಯ್ದು ಅದರೊಳಗೇ ಇಡುತ್ತೇನೆ ಎಂದು ಅವಳು ಬೈಯುವುದು, ಹೀಗೇ ವರ್ಷಗಳು ಹೋದವು. ಆ ಜಗಳ ನನಗೆಷ್ಟು ಇಷ್ಟವಾಗಿತ್ತೆಂದು ಆಗ ತಿಳಿದಿರಲಿಲ್ಲ.

ಹೋದ ವರ್ಷ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ವಾಸನೆ ತಿಳಿಯುವುದೂ ನಿಂತುಹೋಯಿತು. ಬೆನ್ನ ಹಿಂದೆ ಒಗ್ಗರಣೆ ಸೀಯುತ್ತಿದ್ದರೂ ಅವಳು ನಿಶ್ಚಿಂತೆಯಿಂದ ಸೊಪ್ಪು ಬಿಡಿಸುತ್ತಿದ್ದಳು. ವಾಸನೆ ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅಂದಿನಿಂದ ನಾನು ಗೊಣಗುವುದನ್ನೇ ಬಿಟ್ಟೆ. ಈರುಳ್ಳಿ ನಾತದ ಸೇಬನ್ನು ಚೆನ್ನಾಗಿದೆ ಎಂದು ತಿಂದೆ. ಹಳಸಿದ ಸಾರನ್ನೂ ಸುಮ್ಮನೆ ಉಂಡೆ. ನೋಯಿಸಬಾರದು ಎಂಬುದು ನನ್ನ ಲೆಕ್ಕ. ಅವಳು ಮಾತ್ರ ತನ್ನದೇ ಅಡುಗೆಮನೆಯಲ್ಲಿ ನೆಂಟರ ಹಾಗಾಗಿದ್ದಳು. ಒಂದೊಂದು ಡಬ್ಬಿಯನ್ನೂ ತೆಗೆದು, ಬೆಳಕಿಗೆ ಹಿಡಿದು ನೋಡಿ, ಅನುಮಾನದಲ್ಲೇ ಕೆಳಗಿಡುತ್ತಿದ್ದಳು.

ಒಂದು ಬೆಳಿಗ್ಗೆ ಸೇಬು ಹೆಚ್ಚಿ ತಟ್ಟೆ ತಂದಿಟ್ಟು ಎದುರಿಗೇ ಕೂತಳು. ನಾನು ಒಂದು ಹೋಳು ತಿಂದು ಚೆನ್ನಾಗಿದೆ ಎಂದೆ. ಅವಳ ಕಣ್ಣು ತುಂಬಿತು.

“ಎಲ್ಲಾನೂ ಚೆನ್ನಾಗದೆ ಅಂದ್ರೆ ನಂಗೆಂಗೆ ಗೊತ್ತಾಗ್ಬೇಕು ಕಣ್ರೀ? ನನ್ನ ಮೂಗಂತೂ ಓಯ್ತು. ನೀವೂ ಬಾಯಿ ಮುಚ್ಕೊಂಡ್ರೆ ನಾನು ಯಾರನ್ನ ನಂಬ್ಕೊಂಡು ಒಲೆ ಹತ್ತಿಸ್ಲಿ?”

ಅವಳು ಎದ್ದು ಹೋಗಿ ಹಾಲಿನ ಪಾತ್ರೆ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಮೂಸಿ ನೋಡಿದೆ. ಅವಳ ಮುಖ ನೋಡಲು ಆಗಲಿಲ್ಲ.

“ಕೆಟ್ಟದೆ,” ಅಂದೆ.

ಅವಳು ಹಾಲನ್ನು ಬಚ್ಚಲಿಗೆ ಸುರಿದು ಬಂದು, ಇನ್ನೊಂದು ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.