ಅತ್ತೆ ಎಸೆದ ಗುಳಿಗೆ

ನನ್ನ ಅತ್ತೆಯ ಬಲಗಿವಿಯ ಹಾಲೆ ಎರಡಾಗಿ ಸೀಳಿತ್ತು. ಬಹಳ ಹಿಂದೆ ಲೋಕಲ್ ಟ್ರೈನಿನಲ್ಲಿ ಯಾರೋ ಓಲೆ ಕಿತ್ತುಕೊಂಡು ಓಡಿದ್ದರಂತೆ. ಹೊಲಿಗೆ ಹಾಕಿಸಿಕೊಳ್ಳಿ ಎಂದರೆ, “ಕಿವಿ ಕೇಳಸ್ತೈತಿಲ್ಲ? ಸಾಕು ಬಿಡು” ಎನ್ನುತ್ತಿದ್ದರು. ವಿಜಯಪುರದಿಂದ ಮದುವೆಯಾಗಿ ಮುಂಬಯಿಯ ಭಾಂಡುಪ್‌ಗೆ ಬಂದವರು. ತರಕಾರಿಯವನೊಡನೆ ಮರಾಠಿಯಲ್ಲಿ ಜಗಳವಾಡಿ, ಮನೆಗೆ ಬಂದು ನಮ್ಮನ್ನು ಕನ್ನಡದಲ್ಲಿ ಬೈಯುತ್ತಿದ್ದರು. ‘ನನ್ನದು ತಪ್ಪಾಯಿತು’ ಎಂಬ ಮಾತು ಮಾತ್ರ ಯಾವ ಭಾಷೆಯಲ್ಲೂ ಅವರ ಬಾಯಿಂದ ಬರಲಿಲ್ಲ.

ಮದುವೆಯ ಮರುವರ್ಷ ನಾವು ಮಗು ಬೇಕೆಂದುಕೊಂಡಾಗ, ಬಾಂದ್ರಾದಲ್ಲಿ ನನ್ನ ಆಫೀಸಿನ ಹತ್ತಿರದ ಡಾಕ್ಟರಮ್ಮ ಫೋಲಿಕ್ ಆಸಿಡ್ ಗುಳಿಗೆ ಬರೆದುಕೊಟ್ಟರು. ಬಸಿರಾಗುವ ಮೊದಲೇ ಶುರುಮಾಡಬೇಕು, ಮಗುವಿನ ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳಲು ಅದು ಬೇಕು ಎಂದರು.

ಅತ್ತೆ ಅದನ್ನು ನೋಡಿದ್ದೇ ಸಿಡಿದರು. “ಬಸರಾಗೂಕಿಂತ ಮೊದ್ಲ ಎಂಥಾ ಗುಳಿಗಿ? ನಾ ಮೂರು ಹಡದೀನಿ, ಒಂದರ ನುಂಗೀನೇನು? ಮೈಯಾಗ ಉಷ್ಣ ಆಗ್ತೈತಿ.” ಕಸದ ಡಬ್ಬಿಗೆ ಎಸೆದರು. ನಾನು ಮತ್ತೆ ಕೊಂಡುತಂದೆ, ಅವೂ ಮಾಯವಾದವು. “ಹೋಗ್ಲಿ ಬಿಡು, ಅವ್ವನ ಸ್ವಭಾವ ಗೊತ್ತೈತಲ್ಲ” ಎಂದರು ನನ್ನ ಗಂಡ. ಮೂರನೆಯ ಸಲ ನಾನು ತರಲಿಲ್ಲ.

ಬಸಿರಾದದ್ದು ನನಗೆ ತಿಳಿಯುವಷ್ಟರಲ್ಲಿ ಒಳಗೆ ಆಗಬೇಕಾದದ್ದು ಆಗಿಹೋಗಿತ್ತು. ಮಗಳು ಬೆನ್ನು ತೆರೆದುಕೊಂಡೇ ಹುಟ್ಟಿದಳು. ಆಪರೇಷನ್ ಆಯಿತು, ಕಾಲಿಗೆ ಬಲ ಬರಲಿಲ್ಲ. ಮೂತ್ರಕ್ಕೆ ದಿನವೂ ನಳಿಕೆ ಹಾಕಬೇಕು. “ಗುಳಿಗೆ ಅಪಾಯ ಕಡಿಮೆ ಮಾಡುತ್ತದೆ, ತಗೊಂಡಿದ್ದರೆ ಹೀಗಾಗುತ್ತಲೇ ಇರಲಿಲ್ಲ ಅಂತ ಹೇಳೋಕೆ ಬರಲ್ಲ” ಎಂದರು ಡಾಕ್ಟರಮ್ಮ. ಆ ಕೊನೆಯ ಮಾತನ್ನು ಅತ್ತೆ ಗಟ್ಟಿಯಾಗಿ ಹಿಡಿದುಕೊಂಡರು. ನನ್ನಿಂದ ಆಗಲಿಲ್ಲ. ನೆಂಟರ ಮುಂದೆ ಅವರು ಹೇಳಿದ್ದೇ ಬೇರೆ: “ಗ್ರಹಣದಾಗ ಹೊರಗ ಹೋಗಿದ್ಲು. ಯಾರ ಮಾತು ಕೇಳ್ತಾಳ?”

ಆದರೆ ನಾನು ಕೆಲಸಕ್ಕೆ ಹೋದ ಮೇಲೆ ಆ ಮಗುವನ್ನು ಸಾಕಿದವರೂ ಅವರೇ. ನರ್ಸ್ ತೋರಿಸಿದಂತೆ ನಳಿಕೆ ಹಾಕಲು ಕಲಿತರು. ಲಿಫ್ಟ್ ಕೆಟ್ಟ ದಿನ ಸೊಂಟದ ಮೇಲೆ ಹೊತ್ತು ಮೆಟ್ಟಿಲಿಳಿದರು. ಮಗಳನ್ನು ‘ಪಾಪ’ ಎಂದು ಕರೆದ ನೆರೆಮನೆಯವಳೊಡನೆ ಕೊನೆಯವರೆಗೂ ಮಾತು ಬಿಟ್ಟಿದ್ದರು.

ಮೈದುನನ ಮದುವೆಯಾಯಿತು. ಹೊಸ ಸೊಸೆ ಬಂದ ಕೆಲವೇ ದಿನಗಳಲ್ಲಿ, ಒಂದು ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಅತ್ತೆ ಅವಳ ಅಂಗೈಗೆ ಗುಳಿಗೆ ಹಾಕಿ, ನೀರು ಹಿಡಿದು ನಿಂತಿದ್ದರು.

“ನನ್ನ ಮುಂದ ನುಂಗು. ಇದು ಬಸರಾಗೂಕಿಂತ ಮೊದ್ಲ ಬೇಕು.”

ನಾನು ಕೇಳಿದೆ: “ಅತ್ತಿ, ನನ್ನ ಗುಳಿಗಿ ಎಲ್ಲಿ ಹೋದ್ವು?”

ಅವರು ಈ ಕಡೆ ತಿರುಗಲಿಲ್ಲ. “ಹಳೇದೆಲ್ಲಾ ಈಗ್ಯಾಕ? ಹಾಲು ಉಕ್ಕಾಕತ್ತೈತಿ, ನೋಡು.”

ನಾನು ಒಲೆ ಆರಿಸಿದೆ. ನನ್ನ ಓರಗಿತ್ತಿಯ ಮಗ ಈಗ ಬಿಲ್ಡಿಂಗ್ ತುಂಬ ಓಡುತ್ತಾನೆ. ಅವನು ಓಡುವುದನ್ನು ಕಂಡು ನನಗೆ ಸಂತೋಷವಾಗಬೇಕು. ಎಲ್ಲ ದಿನವೂ ಆಗುವುದಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡರು. ಆಸ್ಪತ್ರೆಯಲ್ಲಿ ನನ್ನ ಮಗಳ ಕೈ ಹಿಡಿದು ಮಲಗಿದ್ದರು; ನನಗೆ ಏನೂ ಹೇಳಲಿಲ್ಲ. ಕಾರ್ಯದ ದಿನ ಬಂದ ನೆಂಟರೆಲ್ಲ, ಇಂಥ ಅತ್ತೆ ಸಿಗಲು ಪುಣ್ಯ ಬೇಕು ಎಂದರು. ಅವರೆಲ್ಲ ಹೋದ ಮೇಲೆ ಮಗಳು ವೀಲ್‌ಚೇರ್ ತಳ್ಳಿಕೊಂಡು ಹತ್ತಿರ ಬಂದಳು.

“ಮಮ್ಮಿ, ಅಜ್ಜಿ ಸಬ್‌ಸೇ ಅಚ್ಛೀ ಥೀ ನಾ?”

“ಹೌದು, ಎಲ್ಲಾರಿಗಿಂತ ಚಲೋ ಇದ್ರು” ಎಂದೆ. ಗುಳಿಗೆಯ ಸಂಗತಿ ಅವಳಿಗೆ ಇಂದಿಗೂ ಹೇಳಿಲ್ಲ. ಅಜ್ಜಿಯಾದರೂ ಅವಳಿಗೆ ಇಡಿಯಾಗಿ ಉಳಿಯಲಿ.